ತುಳಜವ್ವನ ಮನೆಯ ಉಪ್ಪು

ನಮ್ಮೂರಿನಲ್ಲಿ ಬೆಂಕಿ ಹತ್ತುವುದಿಲ್ಲ. ಕಡ್ಡಿ ಗೀರಿದರೆ ಚುರ್ ಎಂದು ಸದ್ದಾಗುತ್ತದೆ, ಗಂಧಕದ ವಾಸನೆ ಬರುತ್ತದೆ, ಅಷ್ಟೇ. ಬೀಡಿಯ ಚಟವಿರುವ ಗಂಡಸರು ಊಟವಾದ ಮೇಲೆ ಗಡಿಕಲ್ಲು ದಾಟಿ ಹೋಗಿ, ಅಲ್ಲಿ ನಿಂತು ಸೇದಿ, ಕೆಮ್ಮುತ್ತ ವಾಪಸ್ಸು ಬರುತ್ತಾರೆ. ನಮ್ಮ ಮನೆಯವರು ಒಮ್ಮೆ ಹೊತ್ತಿಸಿದ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಕಲ್ಲು ದಾಟಿಸಲು ನೋಡಿದ್ದರು. ಕಲ್ಲಿನ ನೇರಕ್ಕೆ ಬಂದದ್ದೇ ತಡ, ಕೈಯಲ್ಲೇ ನಂದಿಹೋಯಿತು. ಗುಡಿಯಲ್ಲಿ ಪೂಜಾರಿ ಆರತಿಯ ಬದಲು ಬಿಸಿನೀರಿನ ತಟ್ಟೆ ಹಿಡಿದು ಬರುತ್ತಾನೆ. ನಾವು ಅದರ ಹಬೆಗೆ ಅಂಗೈ ಒಡ್ಡಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಹೊರಗಿನಿಂದ ಬಂದವರು ಇದನ್ನೆಲ್ಲ ನೋಡಿ ಮೂಗಿನ ಮೇಲೆ ಬೆರಳಿಡುತ್ತಾರೆ. ನಮಗೆ ಅವರನ್ನು ಕಂಡರೇ ಆಶ್ಚರ್ಯ. ಬೆಂಕಿಯನ್ನು ಮನೆಯೊಳಗೆ ಇಟ್ಟುಕೊಂಡು ಅದು ಹೇಗೆ ನಿದ್ದೆ ಮಾಡುತ್ತಾರೋ!

ನಮ್ಮ ಅಡುಗೆಯೆಲ್ಲ ಕಾವುಪ್ಪಿನಿಂದ. ದೊಡ್ಡ ಗಡಿಗೆಯಲ್ಲಿ ನೀರು ಹಾಕಿ, ಅದರೊಳಗೆ ಕುತ್ತಿಗೆಯವರೆಗೆ ಚಿಕ್ಕದೊಂದು ತಾಮ್ರದ ಪಾತ್ರೆ ಇಳಿಸಿ, ಪಾತ್ರೆಯಲ್ಲಿ ಅಕ್ಕಿಯನ್ನೋ ಜೋಳದ ನುಚ್ಚನ್ನೋ ಇಟ್ಟು, ಹೊರಗಿನ ನೀರಿಗೆ ಹಿಡಿಹಿಡಿಯಾಗಿ ಕಾವುಪ್ಪು ಸುರಿಯುತ್ತೇವೆ. ಉಪ್ಪು ಕರಗುತ್ತ ಹೋದಂತೆ ನೀರು ಕೊತಕೊತ ಕುದಿಯುತ್ತದೆ, ಒಳಗಿನದು ಬೇಯುತ್ತದೆ. ಹುರಿಯುವುದು, ಸುಡುವುದು ನಮಗೆ ಗೊತ್ತಿಲ್ಲ; ರೊಟ್ಟಿ ಬೇಕೆನಿಸಿದರೆ ಆಚೆಯೂರಿನ ಸಂತೆಗೇ ಹೋಗಬೇಕು. ಹಾಲು ಕೆಡದಂತೆ ಇಡಲು, ಜ್ವರ ಬಂದವರ ಹಣೆಗೆ ಬಟ್ಟೆ ಅದ್ದಿ ಹಾಕಲು ಚಳಿಯುಪ್ಪು ಬೇರೆ ಇದೆ. ಅದನ್ನು ಕರಗಿಸಿದರೆ ಬೇಸಿಗೆಯಲ್ಲೂ ಗಡಿಗೆಯ ಹೊರಮೈ ಬೆವರುತ್ತದೆ. ಊಟದ ಉಪ್ಪು ಮಾತ್ರ ಅಲ್ಲಿಯದೂ ಅಲ್ಲ, ಇಲ್ಲಿಯದೂ ಅಲ್ಲ. ಅದು ಕರಗಿದ್ದು ನೀರಿಗೂ ಸರಿಯಾಗಿ ತಿಳಿಯುವುದಿಲ್ಲ.

ಅಡುಗೆಯಾದ ಮೇಲೆ ಉಪ್ಪುನೀರನ್ನು ಯಾರೂ ಚೆಲ್ಲುವುದಿಲ್ಲ. ಊರ ನೆತ್ತಿಯ ಮೇಲೆ ಕಾವಲಿ ಬಂಡೆ ಎಂಬ ಕಪ್ಪು ಹಾಸುಬಂಡೆಯಿದೆ. ಅಲ್ಲಿನ ಬಿಸಿಲಿಗೆ ಒಂದೇ ಹಗಲಿನಲ್ಲಿ ನೀರೆಲ್ಲ ಆರಿ ಉಪ್ಪು ಬೆಳ್ಳಗೆ ಹಕ್ಕಳೆಯೇಳುತ್ತದೆ. ಅದನ್ನು ಕೆರೆದು ತಂದು, ಜಾಡಿಗೆ ತುಂಬಿ, ಬಾಯಿಗೆ ಎಣ್ಣೆಬಟ್ಟೆ ಕಟ್ಟಿಟ್ಟರೆ ಮತ್ತೆ ಅಡುಗೆಗೆ ಸಿದ್ಧ. ಮಳೆಗಾಲಕ್ಕೆ ಬೇಕಾದಷ್ಟನ್ನು ಬೇಸಿಗೆಯಲ್ಲೇ ತುಂಬಿಟ್ಟುಕೊಳ್ಳುತ್ತೇವೆ. ಹೀಗಾಗಿ ಒಂದು ಮನೆಯ ಉಪ್ಪು ಎಂದೆಂದಿಗೂ ಅದೇ ಮನೆಯದು, ಅತ್ತೆಯ ಕೈಯಿಂದ ಸೊಸೆಯ ಕೈಗೆ. ಹೆಪ್ಪು ಕೊಡುತ್ತೇವೆ, ಹಿಟ್ಟು ಕಡ ಕೊಡುತ್ತೇವೆ, ಮನೆಯುಪ್ಪನ್ನು ಮಾತ್ರ ಕೊಡುವುದೂ ಇಲ್ಲ, ಬೇಡುವುದೂ ಇಲ್ಲ. ಒಂದು ಮನೆಯ ಉಪ್ಪಿನಲ್ಲಿ ಬೆಂದದ್ದನ್ನು ಇನ್ನೊಂದು ಮನೆಯವರು ಉಣ್ಣುವ ಪದ್ಧತಿಯೂ ಇಲ್ಲ. ಒಂದು ಮನೆಯ ಉಪ್ಪು ಕಾವು ಕೊಡುವುದನ್ನು ನಿಲ್ಲಿಸಿದರೆ ಅದು ಸತ್ತಿತು ಎನ್ನುತ್ತೇವೆ. ಉಪ್ಪು ಸತ್ತರೆ ಮನೆ ಮುಗಿಯಿತು. ಬಾಗಿಲು ಕೀಳುತ್ತಾರೆ, ತೊಲೆ ಇಳಿಸುತ್ತಾರೆ, ಅಲ್ಲಿದ್ದವರು ಹತ್ತಿರದ ಬಂಧುವಿನ ಮನೆ ಸೇರಿ ಆ ಮನೆಯ ಉಪ್ಪಿನವರಾಗಬೇಕು.

ನನ್ನ ಹೆಸರು ಸಾವಂತ್ರೆವ್ವ. ಯಾವ ನೀರು ಕಂಡರೂ ಬೆರಳದ್ದಿ ನೋಡುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಕಂಡವರ ಗಡಿಗೆಗೂ ಅದ್ದುತ್ತೇನೆ, ಅದಕ್ಕಾಗಿ ಬೈಸಿಕೊಂಡದ್ದೂ ಉಂಟು. ಅದೇ ಬಿಳಿ ಪುಡಿ, ಅದೇ ಬಾವಿಯ ನೀರು. ಒಂದು ಕುದಿಸುತ್ತದೆ, ಒಂದು ನಡುಗಿಸುತ್ತದೆ, ಒಂದು ಸುಮ್ಮನಿರುತ್ತದೆ. ಯಾಕೆ? ನಮ್ಮವ್ವನನ್ನು ಕೇಳಿ ಕೇಳಿ ಆಕೆಯ ಪ್ರಾಣ ತಿಂದಿದ್ದೆ. ಕಡೆಗೆ ಒಂದು ದಿನ ಆಕೆ ಅಕ್ಕಿ ಆರಿಸುತ್ತ ಹೇಳಿದಳು: “ಉಪ್ಪಿನ ಕಾಳು ಒಂದನ್ನೊಂದು ಗಟ್ಟಿ ಹಿಡಕೊಂಡಿರ್ತಾವು. ಅವನ್ನ ಬಿಡಿಸಬೇಕಂದ್ರ ನೀರು ತನ್ನ ಕಾವು ಖರ್ಚು ಮಾಡಬೇಕು. ಬಿಡಿಸಿದ ಮ್ಯಾಲ ನೀರು ಅವನ್ನ ತನ್ನ ಉಡಿಯೊಳಗ ತಗೋತೈತಿ, ಆವಾಗ ಕಾವು ಹುಟ್ಟತೈತಿ. ಎರಡರಾಗ ಯಾವುದು ಹೆಚ್ಚೋ ಅದು ನಿನ್ನ ಬೆರಳಿಗೆ ತಿಳೀತೈತಿ. ಹೊಸ ಸೊಸಿ ಮುಖ ನೋಡಿದ್ರ ಗೊತ್ತಾಗೂದಿಲ್ಲೇನು, ತವರು ಬಿಟ್ಟ ಸಂಕಟ ಹೆಚ್ಚೋ, ಬಂದ ಮನಿ ಅಪ್ಪಿಕೊಂಡದ್ದು ಹೆಚ್ಚೋ ಅಂತ? ಹಂಗ.” ಆಕೆಗೆ ಇದನ್ನು ಯಾರು ಹೇಳಿಕೊಟ್ಟಿದ್ದರೋ ಕಾಣೆ.

ನಮ್ಮ ಮನೆಗೂ ತುಳಜವ್ವನ ಮನೆಗೂ ನಡುವೆ ಒಂದೇ ಗೋಡೆ. ಆಕೆ ನನಗಿಂತ ಚಿಕ್ಕವಳು, ಯಕ್ಕಾ ಎಂದೇ ಕರೆಯುತ್ತಾಳೆ. ಮಕ್ಕಳಿಲ್ಲ. ಗಂಡ ಭರಮಪ್ಪ ಬಾಯಿ ಸತ್ತವ, ಆದರೆ ಕೈ ಬಲು ಚುರುಕು. ಜಾಡಿಗೆ ಎಣ್ಣೆಬಟ್ಟೆ ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ನಮ್ಮೂರಿನಲ್ಲಿ ಇರಲಿಲ್ಲ. ಹಬ್ಬದ ಮುಂಚೆ ನಾಕಾರು ಮನೆಯವರು ಅವನನ್ನೇ ಕರೆಸುತ್ತಿದ್ದರು. ಹೋದ ಬೇಸಿಗೆಯ ಕೊನೆಗೆ, ಬಂಡೆಯಿಂದ ಉಪ್ಪು ಹೊತ್ತು ತಂದವನು ಕಟ್ಟೆಯ ಮೇಲೆ ಕುಂತ. ಎದ್ದೇಳಲಿಲ್ಲ. ಮಣ್ಣು ಮಾಡಿ ಬಂದ ದಿನವೇ ಮೊದಲ ಮಳೆ ಬಿತ್ತು.

ಅವರದು ಸಣ್ಣ ಸಂಸಾರವಾದ್ದರಿಂದ ಉಪ್ಪಿನ ಜಾಡಿಯೂ ಒಂದೇ, ಎರಡು ವರ್ಷದ ಕೂಸಿನಷ್ಟು ಎತ್ತರದ್ದು. ಮಳೆ ಹಿಡಿದು ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ತುಳಜವ್ವ ಕರೆದಳು. “ಯಕ್ಕಾ, ಒಂಚೂರು ಬಂದು ಈ ನೀರಾಗ ಕೈ ಇಟ್ಟು ನೋಡು.” ಇಟ್ಟೆ. ಉಗುರುಬೆಚ್ಚಗಿತ್ತು. ಎಳೆಗೂಸಿಗೆ ಎರೆಯಬಹುದು, ಅನ್ನ ಮಾಡಲಾಗದು. ಇನ್ನೊಂದು ಹಿಡಿ ಹಾಕಿಸಿದೆ. ಅಷ್ಟಕ್ಕಷ್ಟೇ. ಆಕೆಯ ಮುಖ ನೋಡದೆ, “ಮಳಿಗಾಲ, ಒಮ್ಮೊಮ್ಮೆ ಹಿಂಗ ಆಕ್ಕೈತಿ ಬಿಡು,” ಎಂದೆ. ನಮ್ಮ ಮನೆಯಲ್ಲಿ ಹಾಗೆ ಎಂದೂ ಆಗಿರಲಿಲ್ಲ.

ಮರುದಿನ ಉಗುರುಬೆಚ್ಚಗೂ ಇರಲಿಲ್ಲ. ಅದರ ಮರುದಿನ ನಾನು ಬೆರಳದ್ದಿದವಳು ಗಕ್ಕನೆ ಹಿಂದೆ ತೆಗೆದೆ. ನೀರು ಬಾವಿಯಲ್ಲಿದ್ದದ್ದಕ್ಕಿಂತ ತಣ್ಣಗಾಗಿತ್ತು. ತುಳಜವ್ವ ನೆನೆಸಿದ ಅವಲಕ್ಕಿ ತಿಂದುಕೊಂಡು ದಿನ ದೂಡತೊಡಗಿದಳು. ಇಂಥ ಸುದ್ದಿ ಎಷ್ಟು ದಿನ ಗೋಡೆಯೊಳಗೆ ನಿಲ್ಲುತ್ತದೆ? ಆಕೆಯ ಮನೆಯ ಹಿತ್ತಲಿಂದ ಹಬೆ ಏಳುತ್ತಿಲ್ಲವೆಂಬುದು ಊರಿಗೆಲ್ಲ ಕಾಣುತ್ತಿತ್ತು. ಕಟ್ಟುವವ ಹೋದ, ಅವನ ಹಿಂದೆಯೇ ಉಪ್ಪೂ ಹೋಯಿತು ಎಂದು ಬಾವಿಕಟ್ಟೆಯ ಮೇಲೆ ಆಡಿಕೊಂಡರು. ಕೆಲವರು ಕಣ್ಣೊರೆಸಿಕೊಂಡದ್ದೂ ನಿಜವೇ.

ಭರಮಪ್ಪನ ತಮ್ಮ ಹೊನ್ನಪ್ಪ ಕೆಟ್ಟವನಲ್ಲ. ಛತ್ರಿ ಹಿಡಿದುಕೊಂಡು ಬಂದು ಹೊಸ್ತಿಲಾಚೆಯೇ ನಿಂತು ಮಾತಾಡಿದ. “ಅತ್ತಿಗೀ, ಉಪ್ಪು ನೋಡಾಕ ಸೋಮವಾರ ಬಸಲಿಂಗವ್ವ ಆಯಿಗೆ ಬರಾಕ ಹೇಳೀನಿ. ಆಕಿ ನೋಡಿ ಏನು ಹೇಳ್ತಾಳೋ ಹಂಗ ಮಾಡೂನು. ನಮ್ಮ ಮನ್ಯಾಗ ನಡಮನಿ ನಿಮಗಂತ ಖಾಲಿ ಮಾಡಿಸೀನಿ. ಹುಡುಗರು ನಿಮ್ಮ ಕೂಡ ಇರ್ತಾರ.” ತುಳಜವ್ವ ತಲೆಯಾಡಿಸಿದಳು. ಅವನು ಹೋದ ಮೇಲೆ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡು, “ಅಲ್ಲಿ ಎಲ್ಲಾರೂ ಚಲೋ ಅದಾರ ಯಕ್ಕಾ. ಆದ್ರ ಅಲ್ಲಿ ನಾನು ಅವರ ಅತ್ತಿಗಿ, ಹುಡುಗರ ದೊಡ್ಡವ್ವ. ನಾನು ತುಳಜಾ ಅಂತ ಇರೂದು ಇದೊಂದ ಮನ್ಯಾಗ,” ಎಂದಳು. ಆಕೆ ಗೋಡೆಯಾಚೆಯಿಂದ ಯಕ್ಕಾ ಎಂದು ಕರೆಯದ ಬೆಳಗನ್ನು ಊಹಿಸಿಕೊಳ್ಳಲೂ ನನ್ನಿಂದ ಆಗುತ್ತಿರಲಿಲ್ಲ.

ಸಂಕಟ ಒಂದು ಕಡೆ, ನನ್ನ ಹಾಳು ಕುತೂಹಲ ಇನ್ನೊಂದು ಕಡೆ. ಉಪ್ಪು ಸತ್ತಿದ್ದರೆ ನೀರು ಇದ್ದ ಹಾಗೆಯೇ ಇರಬೇಕಿತ್ತು. ಇದು ನೀರಿನ ಕಾವನ್ನೇ ಇಸಿದುಕೊಳ್ಳುತ್ತಿತ್ತಲ್ಲ! ಯಾರಾದರೂ ಚಳಿಯುಪ್ಪು ಬೆರೆಸಿದರೇ ಎಂದು ಒಂದು ಹರಳನ್ನು ನಾಲಿಗೆಗೆ ತಾಗಿಸಿ ನೋಡಿದೆ. ಚಳಿಯುಪ್ಪಿನ ಚುರುಕಿರಲಿಲ್ಲ, ಕಾವುಪ್ಪಿನದೇ ಕಹಿ. ಆದರೆ ಹರಳು ಮೊದಲಿನ ಹಾಗೆ ಒಣಗಿ ಪುಡಿಪುಡಿಯಾಗಿರದೆ ಜಿಗುಟಾಗಿ ಮುದ್ದೆಗಟ್ಟಿತ್ತು. ತುಳಜವ್ವನ ಅಡುಗೆಮನೆಯ ಮಾಡದಲ್ಲಿ ಜಾಡಿ ಇರುತ್ತಿದ್ದ ಜಾಗದಲ್ಲಿ ಧೂಳು ಕುಂತಿತ್ತು. ಜಾಡಿಯನ್ನು ಎಲ್ಲಿಂದ ತರುತ್ತೀ ಎಂದು ಕೇಳಿದರೆ ಆಕೆ ಕೇಳಿಸದವಳಂತೆ ಪಾತ್ರೆ ತಿಕ್ಕತೊಡಗಿದಳು. ನಾನು ನೀರು ಕುಡಿಯುವ ನೆಪ ಮಾಡಿ ನಡುಮನೆಗೆ ಹೋದೆ. ಹಾಸಿಗೆಯ ಮೇಲೆ ಕೌದಿ ಮಡಚಿಟ್ಟಿತ್ತು. ಅದರ ನಟ್ಟನಡುವೆ ಜಾಡಿಯ ಬಾಯಿಯಷ್ಟು ಅಗಲಕ್ಕೆ ಬಿಳಿ ಕಲೆ, ಮುಟ್ಟಿದರೆ ತೇವ.

ಮನೆಗೆ ಬಂದವಳೇ ನಮ್ಮ ಉಪ್ಪಿನಿಂದ ಒಂದು ಹಿಡಿ ತೆಗೆದು ಹಿತ್ತಾಳೆಯ ತಟ್ಟೆಯಲ್ಲಿ ಹರವಿ, ಜಿಟಿಜಿಟಿ ಮಳೆಯ ಗಾಳಿ ಬರುವ ಕಿಟಕಿಯಲ್ಲಿಟ್ಟು ಕಾದು ಕುಂತೆ. ನಮ್ಮ ಮನೆಯವರು ಊಟಕ್ಕೆ ಕರೆದು ಕರೆದು ಸಾಕಾಗಿ ತಾವೇ ಬಡಿಸಿಕೊಂಡು ಉಂಡರು. ಆಮೇಲೆ ತಟ್ಟೆಯ ತಳಕ್ಕೆ ಕೈ ಇಟ್ಟು ನೋಡಿದರೆ ಬೆಚ್ಚಗಿತ್ತು! ಯಾರೂ ನೀರು ಹಾಕಿರಲಿಲ್ಲ. ಉಪ್ಪು ಗಾಳಿಯಲ್ಲಿದ್ದ ಪಸೆಯನ್ನೇ ಕುಡಿದು, ತನ್ನಷ್ಟಕ್ಕೆ ತಾನು ಮೆಲ್ಲಗೆ ಬಿಸಿಯಾಗುತ್ತಿತ್ತು. ಸಂಜೆಯ ಹೊತ್ತಿಗೆ ಆ ಬಿಸಿ ಆರಿ, ಉಪ್ಪು ಒದ್ದೆ ಮುದ್ದೆಯಾಗಿತ್ತು. ಅದನ್ನು ಲೋಟದ ನೀರಿಗೆ ಹಾಕಿ ಬೆರಳದ್ದಿದೆ. ತಣ್ಣಗೆ, ತುಳಜವ್ವನ ಗಡಿಗೆಯಷ್ಟೇ ತಣ್ಣಗೆ. ಅವ್ವ ಹೇಳಿದ್ದು ಅರ್ಥವಾಯಿತು. ನೀರಿನ ಉಡಿ ಸೇರುವಾಗ ಹುಟ್ಟಬೇಕಾದ ಕಾವು ಗಾಳಿಯಲ್ಲೇ ಹುಟ್ಟಿ ಮುಗಿದಿತ್ತು. ಇನ್ನು ಉಳಿದದ್ದು ಒಂದನ್ನೊಂದು ಬಿಟ್ಟು ಅಗಲುವುದೊಂದೇ. ಉಪ್ಪು ಸತ್ತಿಲ್ಲ, ದಣಿದಿದೆ. ಬಂಡೆಯ ಮೇಲೆ ಒಂದು ಒಳ್ಳೆಯ ಬಿಸಿಲು ಕಂಡರೆ ಮತ್ತೆ ಏಳುತ್ತದೆ. ನಾನು ಕುಂತಲ್ಲೇ ಕುಣಿಯುವುದೊಂದು ಬಾಕಿ.

ಮಾರನೆಯ ದಿನ ಭಾನುವಾರ. ತುಳಜವ್ವನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದೆ. ಕಲೆಯ ಮಾತು ಬಂದಾಗ ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗಿನೊಳಗಿಂದಲೇ ಮಾತು ಬಂತು. “ಅವರು ಹೋದ ಮ್ಯಾಲ ಒಂದು ದಿನ ಜಾಡಿಗೆ ಬಟ್ಟಿ ಕಟ್ಟೂದು ಮರತಿದ್ದೆ ಯಕ್ಕಾ. ಯಾವಾಗಲೂ ಅವರ ಕಟ್ತಿದ್ರಲ್ಲ. ಮುಂಜಾನೆ ಮುಟ್ಟಿದ್ರ ಜಾಡಿ ಬೆಚ್ಚಗಿತ್ತು. ಮಾಡದಾಗ ಕತ್ತಲಿ ಇತ್ತು, ಮೈ ಮುಟ್ಟಿದಂಗ ಆತು. ಆ ರಾತ್ರಿ ಹಾಸಿಗ್ಯಾಗ ಇಟಗೊಂಡೆ. ದಿನಾ ಇಟಗೊಂಡೆ. ಮಳಿ, ಚಳಿ, ಮನ್ಯಾಗ ಒಬ್ಬಾಕಿ...” ನನಗೆ ಅಳುವೂ ಬಂತು, ಆ ಜಾಡಿಯನ್ನು ತಬ್ಬಿಕೊಂಡು ಮಲಗಿದವಳನ್ನು ನೆನೆದು ಪಾಪ ಎನಿಸಿ ಪ್ರೀತಿಯೂ ಬಂತು.

“ಇದನ್ನ ನಾಳೆ ಆಯಿಗೆ ಹೇಳಿಬಿಡೂನು, ತೀರ್ತು,” ಎಂದೆ.

ಆಕೆ ನನ್ನ ಕೈ ಹಿಡಿದುಕೊಂಡಳು. “ಮನಿ ಹೋದ್ರ ಹೋಗ್ಲಿ. ಇದನ್ನ ಮಾತ್ರ ಹೇಳಬ್ಯಾಡ. ಉಪ್ಪಿನ ಜಾಡಿ ಗಂಡ ಮಾಡ್ಕೊಂಡಾಳ ಅಂತ ಊರೆಲ್ಲಾ ನಕ್ಕಾರು. ನನ್ನಾಣಿ ಐತಿ.” ಆಣೆ ಹಾಕಿದ ಮೇಲೆ ನಾನೇನು ಮಾಡಲಿ? ಸೋಮವಾರದೊಳಗೆ ಬಿಸಿಲು ಬಂದರೆ ಉಪ್ಪು ಒಣಗಿಸಿಬಿಡಬಹುದೆಂದು ಆಕಾಶ ನೋಡಿದೆ. ಆಕಾಶ ತೊಳೆಯದ ಗಡಿಗೆಯ ತಳದ ಹಾಗಿತ್ತು. ಯಾರು ಬಾಯಿ ತೆರೆದಿಟ್ಟರು, ಯಾಕೆ ಎಂಬುದನ್ನು ಬಿಟ್ಟು, ಉಪ್ಪು ಪಸೆ ಕುಡಿದಿದೆ ಎಂದಷ್ಟೇ ಹೇಳುತ್ತೇನೆ ಎಂದು ಲೆಕ್ಕ ಹಾಕಿಕೊಂಡೆ. ಬಲು ಜಾಣತನದ ಲೆಕ್ಕವೆಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡದ್ದೂ ಆಯಿತು.

ಬಸಲಿಂಗವ್ವ ನಮ್ಮೂರಿನ ಉಪ್ಪು ನೋಡುವಾಕೆ. ಮುಪ್ಪಾಗಿ ಬಾಗಿದ್ದಾಳೆ, ಆದರೆ ಬಲಗೈಗೆ ಇನ್ನೂ ನೀರಿನ ಕಾವು ಕೂದಲೆಳೆಯಷ್ಟು ಏರಿಳಿದರೂ ತಿಳಿಯುತ್ತದೆ. ಆಕೆಯ ಗಂಡ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳಿಂದ ಆಕೆಯ ಮನೆ ಗಿಜಿಗುಡುತ್ತದೆ. ಆಕೆ ಒಂದು ಮಾತಾಡಿದರೆ ಹತ್ತು ಮಂದಿ ಎದ್ದು ನಿಲ್ಲುತ್ತಾರೆ. ಸೋಮವಾರ ಇಬ್ಬರು ಮೊಮ್ಮಕ್ಕಳ ಹೆಗಲ ಮೇಲೆ ಕೈಯಿಟ್ಟು ಬಂದು ತುಳಜವ್ವನ ಪಡಸಾಲೆಯಲ್ಲಿ ಕುಂತಳು. ಓಣಿಯ ಹೆಂಗಸರೆಲ್ಲ ಸೂರಿನ ನೀರು ತಪ್ಪಿಸಿಕೊಂಡು ಒಳಗೆ ಸೇರಿದ್ದರು. ಹೊನ್ನಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಕಂಚಿನ ಬಟ್ಟಲಿಗೆ ಬಾವಿಯ ನೀರು ಹಾಕಿ, ತುಳಜವ್ವ ತಂದ ಉಪ್ಪನ್ನು ಒಂದು ಹಿಡಿ ಬಿಟ್ಟು, ಬಸಲಿಂಗವ್ವ ಕೈ ಇಳಿಸಿ ಕಣ್ಣು ಮುಚ್ಚಿದಳು.

“ತಣ್ಣಗ ಐತಿ,” ಎಂದಳು.

ಹೊನ್ನಪ್ಪ ಮೆಲ್ಲಗೆ, “ಅತ್ತಿಗೀ, ಗಂಟು ಕಟ್ಟಕೋರಿ, ನಾನ ಹೊತಗೊಂಡು ಹೋಗ್ತೀನಿ,” ಎಂದ. ನಾನು ತಡೆಯಲಾರದೆ ಮುಂದೆ ನುಗ್ಗಿದೆ.

“ಆಯೀ, ಸತ್ತ ಉಪ್ಪು ಆಗಿದ್ರ ನೀರು ಇದ್ದಂಗ ಇರಬೇಕಾಗಿತ್ತಲ್ಲ? ಇದು ನೀರನ್ನ ತಣ್ಣಗ ಮಾಡೈತಿ. ಸತ್ತಾವರು ಯಾರ ಹತ್ರಾನರೇ ಕಾವು ಕೇಳ್ತಾರೇನು? ಇದು ಗಾಳ್ಯಾಗಿನ ಪಸಿ ಕುಡದೈತಿ. ನಾನು ತಟ್ಟಿಯೊಳಗ ಇಟ್ಟು ನೋಡೀನಿ, ಕುಡೀತಾ ಕುಡೀತಾ ತನ್ನ ಕಾವೆಲ್ಲಾ ಹೊರಗ ಬಿಟ್ಟುಬಿಡತೈತಿ. ಬಿಸಲಿಗೆ ಹಾಕಿದ್ರ ಮತ್ತ ಏಳ್ತೈತಿ.”

ಹೆಂಗಸರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ಬಸಲಿಂಗವ್ವ ಕಣ್ಣು ತೆರೆದು ನನ್ನನ್ನೇ ನೋಡಿದಳು. “ಹೌದು, ಏಳ್ತೈತಿ. ನಮ್ಮತ್ತಿ ಹೇಳ್ತಿದ್ದಳು. ಆದ್ರ ಸಾವಂತ್ರಿ, ಹಂಗಂದ್ರ ಬಾಯಿ ತೆರೆದ ಇಟ್ಟಿದ್ರು ಅಂದಂಗಾತಲ್ಲ? ಸತ್ತಿದ್ರ ಅದು ದೈವ. ಅಸಡ್ಡಿ ಮಾಡಿ ಮನಿ ಕಾವು ಗಾಳಿಗೆ ಬಿಟ್ಟಿದ್ರ ಅದು ತಪ್ಪು. ತಪ್ಪು ಮಾಡಿದ ಮನಿ ಉಪ್ಪಿಗೆ ಕಾವಲಿ ಬಂಡಿ ಏರೂ ಹಕ್ಕಿಲ್ಲ.” ಆಕೆ ತುಳಜವ್ವನ ಕಡೆಗೆ ತಿರುಗಿದಳು. “ಹೇಳವ್ವಾ. ಈ ಮನಿ ಕಾವು ಎಲ್ಲಿ ಹೋತು?”

ಉಳಿಸಲು ಹೋಗಿ ನಾನೇ ಅವಳನ್ನು ಹಳ್ಳಕ್ಕೆ ದಬ್ಬಿದ್ದೆ. ಸುಮ್ಮನಿದ್ದರೆ ಕರುಣೆಯಾದರೂ ಉಳಿಯುತ್ತಿತ್ತು, ಈಗ ಅಸಡ್ಡೆಯ ಹೆಣ್ಣೆಂದು ಹೆಸರಾಗಿ ಮನೆ ಬಿಡಬೇಕು. ಆಣೆ ಮುರಿದು ಹೇಳಿಬಿಡಲೇ ಎಂದು ಬಾಯಿ ತೆರೆದೆ. ತುಳಜವ್ವ ಕೈ ಎತ್ತಿ ನನ್ನನ್ನು ತಡೆದಳು. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು.

“ಗಾಳಿಗೆ ಬಿಟ್ಟಿಲ್ರೀ ಆಯಿ. ರಾತ್ರಿ ಬಟ್ಟಿ ಬಿಚ್ಚಿ, ಜಾಡಿನ ಎದಿಗೆ ಅವಚಿಕೊಂಡು ಮಲಗಿದ್ದೆ. ಮೆಲ್ಲಕ ಬೆಚ್ಚಗ ಆಗ್ತಿತ್ತು. ಅದಕ್ಕ ನಿದ್ದಿ ಬರ್ತಿತ್ತು.” ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ತುಳಜವ್ವ ಅತ್ತ ತಿರುಗಲಿಲ್ಲ. “ಈ ಉಪ್ಪು ಈ ಮನಿಯವರಿಗೆ ಕಾವು ಕೊಡಬೇಕು, ಅಲ್ರೀ? ಅನ್ನ ಕುದಿಸಬೇಕು ಅಂತ ಯಾರೂ ಹೇಳಿಲ್ಲ. ಈಗ ಈ ಮನಿಯವರು ಅಂದ್ರ ನಾನೊಬ್ಬಾಕಿನ. ಇದ್ದದ್ದೆಲ್ಲಾ ನನಗ ಕೊಟ್ಟೈತಿ. ಹೊರಗ ಒಂದು ಕಾಳಿನಷ್ಟೂ ಹೋಗಿಲ್ಲ.”

ಹೊನ್ನಪ್ಪ ತಲೆ ತಗ್ಗಿಸಿ ಕಂಬದ ಸುಣ್ಣ ಕೆರೆಯುತ್ತ ನಿಂತ. ಬಸಲಿಂಗವ್ವನ ಕೈ ಇನ್ನೂ ಆ ತಣ್ಣನೆಯ ನೀರಿನಲ್ಲೇ ಇತ್ತು. ಆಕೆ ಅದನ್ನು ಹೊರಗೆ ತೆಗೆದು, ತನ್ನ ಸೀರೆಗೆ ಒರೆಸಿಕೊಂಡು, ಬಟ್ಟಲಿನ ನೀರನ್ನು ಒಂದು ಹನಿಯೂ ಚೆಲ್ಲದಂತೆ ತುಳಜವ್ವನ ಗಡಿಗೆಗೆ ವಾಪಸ್ಸು ಸುರಿದಳು.

“ಉಪ್ಪು ಸತ್ತಿಲ್ಲ. ತಪ್ಪೂ ಆಗಿಲ್ಲ,” ಎಂದಳು. “ಬಿಸಲು ಬಿದ್ದ ದಿನ ಕಾವಲಿ ಬಂಡಿಗೆ ಹೊರ್ರಿ. ಹೊನ್ನಪ್ಪಾ, ಹೊರಾಂವ ನೀನ. ಅಲ್ಲೀತನಕ ಈಕಿ ಊಟ ನನ್ನ ಮನಿಯಿಂದ ಬರತೈತಿ. ಹಂಗ ಉಣಬಾರದು ಅನ್ನಾವರು ಇದ್ರ ನನ್ನ ಮುಂದ ಬಂದು ಅನ್ರಿ.”

ಒಬ್ಬೊಬ್ಬರೇ ಎದ್ದರು. ನಾನು ತುಳಜವ್ವನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ಆಕೆಯೇ ನನಗೆ ಸಮಾಧಾನ ಹೇಳಬೇಕಾಯಿತು. ಪಡಸಾಲೆ ಖಾಲಿಯಾದ ಮೇಲೂ ಬಸಲಿಂಗವ್ವ ಏಳಲಿಲ್ಲ. ಮೊಮ್ಮಕ್ಕಳಿಗೆ, ನಡೀರಿ, ಬರ್ತೀನಿ ಎಂದು ಹೇಳಿ ಕಳಿಸಿದಳು. ಅವರು ಅಂಗಳ ದಾಟುವವರೆಗೂ ನೋಡುತ್ತಿದ್ದು, ಆಮೇಲೆ ತುಳಜವ್ವನನ್ನು ಹತ್ತಿರ ಕರೆದಳು. ನಾನೂ ಅಲ್ಲೇ ಇದ್ದೆ, ನನ್ನನ್ನು ಹೋಗೆನ್ನುವುದು ಆಕೆಗೆ ಮರೆತುಹೋಗಿರಬೇಕು. ಊರಿನ ನೀರನ್ನೆಲ್ಲ ನೋಡಿ ತೀರ್ಪು ಕೊಟ್ಟ ಆ ಮುದುಕಿ ಸಣ್ಣ ದನಿಯಲ್ಲಿ ಕೇಳಿದಳು:

“ಆ ಕಾವು ಬೆಳಗಾಗೂತನಕ ಇರತೈತೇನು?”

ತುಳಜವ್ವ ಆಕೆಯ ಮುಖವನ್ನು ನೋಡಿದಳು. ಪಕ್ಕದಲ್ಲಿ ಕುಂತು, ಆ ತಣ್ಣಗಾದ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು.

“ಮಳಿ ಇದ್ರ ಇರತೈತ್ರೀ,” ಎಂದಳು.